ಜಮಾದಾರ ಮಾವನ ಬೆಟ್ಟದಾವರೆ

ನಮ್ಮ ಮಾವನವರು ಯಾರನ್ನೂ ನಂಬುತ್ತಿರಲಿಲ್ಲ ಅಂದರೆ ಅದು ಶುದ್ಧ ಸುಳ್ಳು. ದೇವರನ್ನು ನಂಬುತ್ತಿದ್ದರು. ಆದರೆ ದೇವರ ಮುಡಿಯಲ್ಲಿರುವ ಹೂವು ಯಾರ ಹಿತ್ತಿಲಿನದು ಅಂತ ಪೂಜಾರಿಯನ್ನು ಕೇಳಿ ತಿಳಿದುಕೊಂಡ ಮೇಲೆ!

ಇದು ನನಗೆ ಗೊತ್ತಾದದ್ದು ಹೆಣ್ಣು ನೋಡಲು ಹೋದ ದಿನವೇ. ಅವತ್ತು ಚನ್ನಪಟ್ಟಣದ ಅವರ ಮನೆಯ ಜಗುಲಿಯ ಮೇಲೆ ಇದ್ದವರು ಇಷ್ಟು ಜನ. ನಮ್ಮಪ್ಪ, ಕೂಟಗಲ್ಲಿನಿಂದ ಬಂದಿದ್ದ ನಮ್ಮ ದೊಡ್ಡಪ್ಪ, ಯಾರದೋ ಕೋಟು ಹಾಕಿಕೊಂಡು ಬೆವರುತ್ತಿದ್ದ ನಾನು. ಎದುರಿಗೆ ಮಾವನವರು. ಬಾಗಿಲ ಸಂದಿನಲ್ಲಿ ಅತ್ತೆ, ಅವರ ಬೆನ್ನ ಹಿಂದೆ ಇನ್ನೂ ಮುಖ ತೋರಿಸದ ಹುಡುಗಿ. ಇವರಲ್ಲದೆ ಪಕ್ಕದ ಮನೆಯ ಬುಡನ್ ಸಾಬರು. ಅವರು ಬಣ್ಣದ ಗೊಂಬೆ ಮಾಡುವವರು. ಎರಡು ಮನೆಗೂ ನಡುವೆ ಎದೆಯುದ್ದದ ಒಂದು ಮಣ್ಣಿನ ಗೋಡೆ. ಆ ಗೋಡೆಯ ಮೇಲೆ ಮೊಣಕೈ ಊರಿಕೊಂಡೇ ಇಬ್ಬರೂ ಮೂವತ್ತು ವರ್ಷ ಮಾತಾಡಿದ್ದರು. ಹೀಗಾಗಿ ಸಾಬರಿಲ್ಲದೆ ಆ ಮನೆಯಲ್ಲಿ ಶುಭಕಾರ್ಯದ ಮಾತು ಎತ್ತುವಂತಿರಲಿಲ್ಲ.

ನಾವು ಕೂತಲ್ಲಿಂದ ಕಾಣುವಷ್ಟು ದೂರವೂ ಹೂವಿನ ಗಿಡಗಳೇ. ಗುಲಾಬಿ, ಕಣಗಿಲೆ, ನಂದಿಬಟ್ಟಲು, ನಾಲ್ಕು ಬಣ್ಣದ ದಾಸವಾಳ, ಚಪ್ಪರಕ್ಕೆ ಹಬ್ಬಿಸಿದ ಮಲ್ಲಿಗೆ. ನಮ್ಮ ದೊಡ್ಡಪ್ಪ ರಾಗಿ, ಹುರುಳಿ, ಎಮ್ಮೆ ಬಿಟ್ಟರೆ ಬೇರೆ ಪ್ರಪಂಚ ಕಂಡವನಲ್ಲ. ಸುತ್ತ ಒಮ್ಮೆ ನೋಡಿ ಕೇಳಿಯೇಬಿಟ್ಟ.

"ಗೌಡ್ರೆ, ಇದ್ರಲ್ಲಿ ಕಾಯಿ ಬಿಡ್ತದಾ?"

"ಇಲ್ಲ."

"ಸೊಪ್ಪು ಸಾರಿಗಾಯ್ತದಾ?"

"ಇಲ್ಲ."

"ದನಗಿನ ತಿಂತಾವಾ?"

"ಅಗೋ, ಆ ಕಣಗಿಲೆ ತಿಂದ್ರೆ ಸತ್ತೋಯ್ತಾವೆ."

"ಮತ್ಯಾಕ್ ಸಾಕಿದ್ದೀರಿ?"

"ನೋಡಾಕೆ!"

ದೊಡ್ಡಪ್ಪ ನನ್ನ ಕಿವಿಗೆ ಬಗ್ಗಿ, "ಲೇ, ಈ ಮನೇಲಿ ಹೆಣ್ಣು ತರೋದಾ, ಒಸಿ ಯೋಚ್ನೆ ಮಾಡ್ಲಾ" ಅಂದ.

ಅಷ್ಟರಲ್ಲಿ ಹುಡುಗಿ ಬಂದಳು, ತಟ್ಟೆ ಇಟ್ಟಳು, ಹೋದಳು. ನಾನು ಯೋಚನೆ ಮಾಡುವುದನ್ನು ಅಲ್ಲಿಗೇ ನಿಲ್ಲಿಸಿದೆ. ಎಲೆ ಅಡಿಕೆ ಆಯಿತು, ಮಾತು ಕುದುರಿತು. ಹೊರಡೋಣವೆಂದು ಅಂಗಳಕ್ಕೆ ಇಳಿದರೆ ಮಾವನವರು ಕೈ ಅಡ್ಡ ಹಿಡಿದರು.

"ಒಂದ್ ನಿಮಿಸ ನಿಂತ್ಕಳಿ. ಆ ಮೂಡಲ ಕಡೆ ಗುಲಾಬಿ ಗಿಡದಲ್ಲಿ ಒಂದು ಮುಳ್ಳು ಕಮ್ಮಿ ಐತೆ."

ಹೂವಲ್ಲ, ಮೊಗ್ಗಲ್ಲ, ಮುಳ್ಳು! ಎಲ್ಲರೂ ಎಲ್ಲರ ಮುಖ ನೋಡಿದೆವು. ನಮ್ಮ ದೊಡ್ಡಪ್ಪ ಮೆಲ್ಲಗೆ ಬಾಯಿಗೆ ಕೈ ಹಾಕಿ ಹಲ್ಲಿನ ಸಂದಿಯಿಂದ ಒಂದು ಮುಳ್ಳು ತೆಗೆದ. "ಅಡಿಕೆ ಚೂರು ಸಿಕ್ಕಂಡಿತ್ತು ಗೌಡ್ರೆ..."

"ಹೆಣ್ಣನ್ನ ಕೇಳಿ ತಗಂಡೋಗಾಕ್ ಬಂದವರು, ಮುಳ್ಳನ್ನೂ ಕೇಳಿ ತಗಬೇಕಾಗಿತ್ತು."

ನನ್ನ ಮದುವೆ ಅಲ್ಲಿಗೆ ಮುಗಿದಿತ್ತು. ಉಳಿಸಿದವರು ಬುಡನ್ ಸಾಬರು. "ಜಮಾದಾರ್ರೆ, ಸಾಕಿ ಬೆಳೆಸಿದ ಮಗಳನ್ನೇ ಕೊಡ್ತಾ ಇದ್ದೀರಿ. ಒಂದು ಮುಳ್ಳನ್ನ ಬಳುವಳಿ ಅಂದ್ಕೊಂಡು ಕೊಟ್ಬುಡಿ!" ಅಂದರು. ಮಾವನವರ ಮೀಸೆಯ ಕೆಳಗೆ ಏನೋ ಒಂದು ಅಲ್ಲಾಡಿತು. ನಗುವೇ ಇರಬೇಕು. ಮದುವೆ ಆಯಿತು.

ಮಾವನವರು ಹೀಗಾಗಲು ಕಾರಣವಿತ್ತು. ಅವರು ತಾಲ್ಲೂಕು ಖಜಾನೆಯ ಬಾಗಿಲಲ್ಲಿ ಇಪ್ಪತ್ತೈದು ವರ್ಷ ಕಾವಲು ನಿಂತು, ಜಮಾದಾರರಾಗಿ ಪಿಂಚಣಿ ಪಡೆದವರು. ಒಂದು ಮುಚ್ಚಿದ ಬಾಗಿಲ ಮುಂದೆ ಅಷ್ಟು ಕಾಲ ನಿಂತವನಿಗೆ ಮನುಷ್ಯಕುಲ ಹೇಗೆ ಕಾಣಬೇಕು ಹೇಳಿ? ಬಾಗಿಲಿನ ಈಚೆ ಇರುವವರೆಲ್ಲ ಆಚೆ ಹೋಗಲು ಹೊಂಚು ಹಾಕುತ್ತಿರುವವರ ಹಾಗೆಯೇ! ಪಿಂಚಣಿ ಆದ ಮೇಲೆ ಪಾಪ, ಕಾಯುವುದಕ್ಕೆ ಏನೂ ಉಳಿಯಲಿಲ್ಲ. ಹೂವಿನ ಮೇಲಿನ ಆಸೆಯಿಂದ ಗಿಡ ಹಾಕಿದರು ಅಂತ ಊರು ತಿಳಿದಿತ್ತು. ಕಾಯುವುದಕ್ಕೆ ಏನಾದರೂ ಇರಲಿ ಅಂತ ಹಾಕಿದರು ಅಂತ ಅತ್ತೆ ತಿಳಿದಿದ್ದರು. ಮೂವತ್ತು ವರ್ಷ ಜೊತೆಯಲ್ಲಿ ಬಾಳಿದವರ ಮಾತನ್ನು ನಾನು ತೆಗೆದುಹಾಕಲಾರೆ.

ಸಂಜೆ ದೀಪ ಹಚ್ಚುವ ಮುಂಚೆ ಮೊಗ್ಗು ಎಣಿಸುವರು. ಬೆಳಿಗ್ಗೆ ಮುಖ ತೊಳೆಯುವ ಮುಂಚೆ ಹೂವು ಎಣಿಸುವರು. ಎರಡೂ ತಾಳೆಯಾದರೆ ಆ ದಿನ ಮನೆಯಲ್ಲಿ ಎಲ್ಲರೂ ನೆಮ್ಮದಿಯಿಂದ ಉಪ್ಪಿಟ್ಟು ತಿನ್ನಬಹುದು. ತಾಳೆಯಾಗದಿದ್ದರೆ ಮಾವನವರು ಪಂಚೆ ಕಟ್ಟಿ ನೇರವಾಗಿ ದೇವಸ್ಥಾನಕ್ಕೆ. ಕೈಮುಗಿಯುವುದಕ್ಕಲ್ಲ, ತಪಾಸಣೆಗೆ! ಗರ್ಭಗುಡಿಯ ಮುಂದೆ ನಿಂತು, ಕಣ್ಣು ಕಿರಿದು ಮಾಡಿ, "ಪೂಜಾರಪ್ಪ, ಸ್ವಾಮಿ ಬಲಗಡೆ ಕಿವಿ ಮೇಲಿರೋ ದಾಸವಾಳ ನಮ್ಮನೇದು" ಅನ್ನುವರು.

"ಯಾರೋ ಭಕ್ತರು ತಂದುಕೊಟ್ರು ಜಮಾದಾರ್ರೆ."

"ಭಕ್ತನ ಹೆಸರೇನು?"

"ದೇವರ ತಲೆ ಮೇಲೆ ಏರಿದ ಮೇಲೆ ಯಾರದಾದರೇನು ಸ್ವಾಮಿ?"

"ಕದ್ದ ಮಾಲು ಇಟ್ಕಂಡೋರಿಗೂ ಶಿಕ್ಷೆ ಐತೆ, ಗೊತ್ತಾ?"

ದೇವರ ಮೇಲೇ ಕಳ್ಳಮಾಲಿನ ಆರೋಪ ಹೊರಿಸಿದ ಮನುಷ್ಯ ಮೈಸೂರು ಸಂಸ್ಥಾನದಲ್ಲಿ ಇನ್ನೊಬ್ಬರಿದ್ದರೋ ಇಲ್ಲವೋ, ನಾನು ಕಾಣೆ. ಅಂದಿನಿಂದ ಮಾವನವರು ಪ್ರಾಕಾರದೊಳಗೆ ಕಾಲಿಟ್ಟರೆ ಸಾಕು, ನೆರೆದ ಹೆಂಗಸರು ಸೆರಗು ಎಳೆದು ತುರುಬು ಮುಚ್ಚಿಕೊಳ್ಳುತ್ತಿದ್ದರು. ಊರಿನ ಹೆಣ್ಣುಮಕ್ಕಳು ತಮಗೆ ಎಷ್ಟು ಮರ್ಯಾದೆ ಕೊಡುತ್ತಾರೆ ಅಂತ ಮಾವನವರು ಹೆಮ್ಮೆಪಡುತ್ತಿದ್ದರು.

ನಮ್ಮ ಕಡೆ ಇನ್ನೊಂದು ಪದ್ಧತಿ ಉಂಟು. ಯಾರ ಮನೆಗೆ ಹೋದರೂ ಹೆಂಗಸರು ಬರುವಾಗ ಒಂದು ಗಿಡದ ಕಡ್ಡಿ ಮುರಿದು ತರುತ್ತಾರೆ. ಕೇಳಿದರೆ ಒಳ್ಳೆಯದು, ಕೇಳದಿದ್ದರೆ ಇನ್ನೂ ಒಳ್ಳೆಯದು, ಬೇಗ ಚಿಗುರುತ್ತದೆ ಅಂತ ನಂಬಿಕೆ. ಇಂಥವರಿಗೆ ಮಾವನವರು ಒಂದು ಉಪಾಯ ಕಂಡುಕೊಂಡಿದ್ದರು. ಯಾರಾದರೂ ಕೇಳಿದರೆ ಇಲ್ಲವೆನ್ನದೆ, ಧಾರಾಳವಾಗಿ, ಎಳೆಯ ಕುಡಿಯನ್ನೇ ಚಿವುಟಿ ಕೊಡುತ್ತಿದ್ದರು. ಬೆರಳು ದಪ್ಪದ ಬಲಿತ ಕಡ್ಡಿಯಾದರೆ ಬೇರು ಬಿಡುತ್ತದೆ, ಎಳೆ ಕುಡಿ ನಾಲ್ಕು ದಿನಕ್ಕೆ ಬಾಡುತ್ತದೆ. ಈ ರಹಸ್ಯ ಲೋಕದಲ್ಲಿ ತಮಗೊಬ್ಬರಿಗೇ ಗೊತ್ತು ಅಂತ ಅವರ ಎಣಿಕೆ. ಕೊನೆಗೆ ಸ್ವಂತ ಮಗಳಿಗೂ ಹಾಗೇ ಮಾಡಿದರು! ನಾನು ಆಗ ಕ್ಲೋಸ್‌ಪೇಟೆಯಲ್ಲಿ, ಅಂದರೆ ಈಗಿನ ರಾಮನಗರದಲ್ಲಿ, ಸ್ಕೂಲು ಮೇಷ್ಟರು. ನಮ್ಮಾಕೆ ತವರಿನಿಂದ ಮೂರು ಸಲ ಗುಲಾಬಿ ತಂದು ನೆಟ್ಟಳು, ಮೂರು ಸಲವೂ ಒಣಗಿತು. "ನಮ್ಮಪ್ಪ ಪ್ರೀತಿಯಿಂದ ಕೊಟ್ಟಿದ್ದು, ನನ್ನ ಕೈಗುಣವೇ ಸರಿಯಿಲ್ಲ" ಅಂತ ಅತ್ತಳು. ನಾನು ಸತ್ಯ ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ಸಲ ಅಳುತ್ತಿದ್ದಳು, ಈ ಸಲ ನನ್ನ ಮೇಲೆ.

ಮೊಗ್ಗುಗಳಿಗೆ ಮೊಹರು ಹಾಕಿದ್ದು ಇದಾದ ಮೇಲೆ. ಖಜಾನೆಯ ಬೀಗಕ್ಕೆ ಬಟ್ಟೆ ಸುತ್ತಿ ಅರಗು ಕರಗಿಸಿ ಮೊಹರು ಒತ್ತುತ್ತಾರಲ್ಲ, ಹಾಗೆ ಪ್ರತಿ ಮೊಗ್ಗಿನ ತೊಟ್ಟಿಗೂ ಒಂದು ತೊಟ್ಟು ಕೆಂಪು ಅರಗು ಬಿಟ್ಟರೆ ಕಳ್ಳ ಎಲ್ಲಿದ್ದರೂ ಸಿಗುತ್ತಾನೆ ಅಂತ ಮಾವನವರಿಗೆ ಹೊಳೆಯಿತು. ಅರಗಿಗೇನು ಬರ? ಬುಡನ್ ಸಾಬರ ಮನೆ ತುಂಬ ಅರಗಿನ ಕಡ್ಡಿಗಳೇ. ಮರ ಕಡೆಯುವ ಚರಕಿಗೆ ಹಾಲೆ ಮರದ ತುಂಡು ಸಿಕ್ಕಿಸಿ, ಅದು ಗಿರ್ರನೆ ತಿರುಗುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿ ಹಿಡಿದರೆ ಬಣ್ಣ ಕರಗಿ ಮರಕ್ಕೆ ಕೂಡುತ್ತದೆ. ಅದೇ ಅವರ ಕಸುಬು. ಗೋಡೆಯ ಮೇಲಿಂದ ಎರಡು ಕಡ್ಡಿ ಕೊಟ್ಟರು. ಮಾವನವರು ಒಂದು ಸಂಜೆಯೆಲ್ಲ ಕೂತು ನಲವತ್ತೆರಡು ಮೊಗ್ಗಿಗೆ ಬಿಸಿ ಅರಗು ಸುರಿದರು. ಬೆಳಿಗ್ಗೆ ನೋಡಿದರೆ ನಲವತ್ತೆರಡೂ ಕತ್ತು ಬಗ್ಗಿಸಿ ನೇತಾಡುತ್ತಿದ್ದವು!

"ಸಾಬ್ರು ಅರಗಿಗೆ ಏನೋ ಬೆರಸವ್ರೆ" ಅಂದರು ಮಾವ.

ಅತ್ತೆಗೆ ತಡೆಯಲಿಲ್ಲ. "ನಿಮ್ಮ ಕತ್ತಿಗೆ ಒಂದು ತೊಟ್ಟು ಬುಡ್ಲಾ? ಆಗ ತಿಳೀತದೆ ಯಾರು ಏನು ಬೆರಸವ್ರೆ ಅಂತ!"

ಅತ್ತೆ ಹೇಳಿದ್ದು ಒಂದು ಕಿವಿಯಲ್ಲಿ ಹೋಗಿ ಇನ್ನೊಂದರಲ್ಲಿ ಬಂತು. ಸಾಬರ ಮೇಲಿನ ಅನುಮಾನ ಮಾತ್ರ ಒಳಗೇ ಉಳಿಯಿತು. ಅದು ಹೊರಬಿದ್ದದ್ದು ಬೆಟ್ಟದಾವರೆ ಹೂ ಬಿಟ್ಟ ದಿನ.

ತಾಲ್ಲೂಕಿನ ಹಿಂದಿನ ಅಮಲ್ದಾರರು ವರ್ಗವಾಗಿ ಹೋಗುವಾಗ ಮಾವನವರಿಗೆ ಒಂದು ಕಡ್ಡಿ ಕೊಟ್ಟು, "ಬೆಟ್ಟದಾವರೆ, ಜೋಪಾನ" ಅಂದಿದ್ದರಂತೆ. ಆ 'ಜೋಪಾನ' ಅನ್ನುವ ಮಾತನ್ನು ಮಾವನವರಿಗೆ ಹೇಳಬೇಕೇ! ಮಗುವಿನ ಹಾಗೆ ಸಾಕಿದರು. ಮೂರನೆಯ ವರ್ಷ, ದಸರಾ ರಜಕ್ಕೆ ನಾನೂ ನಮ್ಮಾಕೆಯೂ ಬಂದಿದ್ದಾಗ, ಆಳೆತ್ತರದ ಆ ಗಿಡದಲ್ಲಿ ಒಂದು ಬೆಳಿಗ್ಗೆ ಐದು ಹೂವು ಅರಳಿದವು. ಅಂಗೈ ಅಗಲದ, ಹಾಲಿನಂಥ ಬಿಳಿ ಹೂವು. ಮಾವನವರು ಎಣಿಸಿದರು, ಮತ್ತೆ ಎಣಿಸಿದರು, ಕಣ್ಣೊರೆಸಿಕೊಂಡರು. ಅವತ್ತೇ ಪಿಂಚಣಿಯ ದಿನ. ಒಲ್ಲದ ಮನಸ್ಸಿನಿಂದ ಕಚೇರಿಗೆ ಹೋಗಿ, ಅಲ್ಲಿ ಕಾದು ಕಾದು, ಸಂಜೆ ತಿರುಗಿ ಬಂದರು.

ಗಿಡದಲ್ಲಿ ಐದು ಹೂವಿದ್ದವು. ಐದೂ ಕೆಂಪು!

ಮಾವನವರು ಕೂಗಾಡಲಿಲ್ಲ. ಖಜಾನೆಯವರು ಕೂಗಾಡುವುದಿಲ್ಲ. ನನ್ನನ್ನು ದನದ ಕೊಟ್ಟಿಗೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದರು.

"ಅಳೀಮಯ್ಯ, ತೊಟ್ಟು ಕುಯ್ದಿಲ್ಲ. ಹೂವ ಬದಲಾಯಿಸಿಲ್ಲ. ಬಣ್ಣ ಬಳ್ದವ್ರೆ. ಕುಂಚದ ಗುರುತು ಒಂದೂ ಕಾಣ್ದಂಗೆ ಬಳ್ದವ್ರೆ. ಈ ಊರಲ್ಲಿ ಅಂಥಾ ಕೈ ಇರೋದು ಯಾರಿಗೆ?"

"ಯಾರಿಗೆ?"

"ನಾನು ಬರೋವಾಗ ಗೋಡೆತಾವ ನಿಂತಿದ್ರು. ಹತ್ತು ಬೆರಳೂ ಕೆಂಪಗಿದ್ವು!"

ಬುಡನ್ ಸಾಬರ ಹತ್ತು ಬೆರಳೂ ನಲವತ್ತು ವರ್ಷದಿಂದ ಕೆಂಪಗೇ ಇದ್ದವು. ಮಾವನವರಿಗೆ ಕಂಡದ್ದು ಮಾತ್ರ ಅವತ್ತು.

"ಯಾರ ಹತ್ರನೂ ಬಾಯಿ ಬುಡಬೇಡಿ. ನಿಮ್ಮಾಕೆಗೂ ಹೇಳಬೇಡಿ, ಅವಳು ಅವರವ್ವನ ಮಗಳು. ನಾನು ಹೇಳ್ತೀನಿ, ನೀವು ಅರ್ಜಿ ಬರೀರಿ. ಪೊಲೀಸಿಗೊಂದು, ಅಮಲ್ದಾರರಿಗೊಂದು."

ಇಲ್ಲಿಯತನಕ ಒಳಗೊಳಗೇ ನಗುತ್ತಿದ್ದ ನನ್ನ ನಗು ಅಲ್ಲಿಗೆ ನಿಂತಿತು. ಯಾಕೆಂದರೆ ಬುಡನ್ ಸಾಬರು ಇಡೀ ಒಂದು ವರ್ಷ ಕೂತು ಎಂಟು ಕುದುರೆಯ ಒಂದು ಮರದ ಸಾರೋಟು ಮಾಡಿದ್ದರು. ಗಾಲಿ ತಿರುಗುತ್ತಿತ್ತು, ಕುದುರೆಗಳು ತಲೆ ಆಡಿಸುತ್ತಿದ್ದವು. ಅದನ್ನು ಮೈಸೂರಿನ ದಸರಾ ವಸ್ತುಪ್ರದರ್ಶನಕ್ಕೆ ಕಳಿಸಬೇಕು. ಕಳಿಸಲು ಅಮಲ್ದಾರರ ಕಾಗದ ಬೇಕು. ಮೂರನೆಯ ದಿನ ಅವರನ್ನು ಕಾಣುವುದಿತ್ತು. ಹೊಸ ಅಮಲ್ದಾರರು, ಗುರುತಿಲ್ಲ. ತಮ್ಮ ಪರವಾಗಿ ಒಂದು ಮಾತು ಹೇಳಲು ಸಾಬರು ನಂಬಿಕೊಂಡಿದ್ದದ್ದು ನಮ್ಮ ಮಾವನನ್ನೇ! ಅರ್ಜಿ ಹೋದರೆ ಕಾಗದ ಸಿಗುವುದಿಲ್ಲ. ಸಾರೋಟು ಮನೆಯ ಅಟ್ಟಕ್ಕೆ. ಮೂವತ್ತು ವರ್ಷದ ಸ್ನೇಹ ಎಲ್ಲಿಗೆ?

ಅಷ್ಟರಲ್ಲಿ ಗೋಡೆಯ ಆಚೆಯಿಂದ ಕೂಗು ಬಂತು. "ಜಮಾದಾರ್ರೆ, ಹೂವು ಬಾಳ ಚೆಂದಾಗ್ ಬಂದದೆ! ನಾಳಿದ್ದು ಅಮಲ್ದಾರರ ತಾವ ಬರ್ತೀರಿ ತಾನೇ?"

ಮಾವನವರು ನನ್ನ ಕಿವಿಯಲ್ಲಿ, "ನೋಡಿದ್ರಾ? ಮಾಡೋದೂ ಮಾಡಿ, ಎಂಗೈತೆ ಅಂತ ಕೇಳ್ತಾವ್ರೆ" ಅಂದರು. ಗೋಡೆಗೆ ಉತ್ತರ ಕೊಡಲಿಲ್ಲ. ಸಾಬರು ಸ್ವಲ್ಪ ಹೊತ್ತು ನಿಂತಿದ್ದು ಒಳಗೆ ಹೋದದ್ದು ಕೇಳಿಸಿತು.

ಅಮಲ್ದಾರರ ಅರ್ಜಿಯನ್ನು ಮೊದಲು ಬರೆಯತೊಡಗಿದೆ. ಬರೆಯದೆ ಗತಿಯಿರಲಿಲ್ಲ. 'ಸದರಿ ಆಸಾಮಿಯು ನನ್ನ ಸ್ವಾಧೀನದಲ್ಲಿದ್ದ ಐದು ಬಿಳಿ ಹೂವುಗಳಿಗೆ ಸಮ್ಮತಿಯಿಲ್ಲದೆ ಕೆಂಪು ಬಣ್ಣ ಬಳಿದು...' ಅನ್ನುವ ಜಾಗಕ್ಕೆ ಬಂದಾಗ ಲೇಖನಿ ನಿಲ್ಲಿಸಿ, "ಮಾವ, ಅಮಲ್ದಾರರು ಸಾಕ್ಷಿ ಕೇಳುತ್ತಾರೆ. ನಾಳೆಗೂ ಮೊಗ್ಗಿವೆ. ಒಂದು ದಿನ ಕೂತು ಕಣ್ಣಾರೆ ಹಿಡಿಯೋಣ" ಅಂದೆ. ಕಾವಲು ಅಂದ ಕೂಡಲೆ ಮಾವನವರ ಮುಖ ಅರಳಿತು. ಅರ್ಜಿ ನನ್ನ ಜೇಬಿಗೆ ಬಂತು.

ಮಾರನೆಯ ಬೆಳಿಗ್ಗೆ ನೋಡಬೇಕಿತ್ತು ನೀವು! ಹಳೆಯ ಸರ್ಕಾರಿ ರುಮಾಲು, ಸೊಂಟಕ್ಕೆ ಪಟ್ಟಿ, ಕೈಯಲ್ಲಿ ದೊಣ್ಣೆ. ಗಿಡದಿಂದ ಮೂರು ಅಡಿ ದೂರದಲ್ಲಿ ಸ್ಟೂಲು ಹಾಕಿ ಮಾವನವರು ಕೂತರು. ಪಕ್ಕದಲ್ಲಿ ಚಾಪೆಯ ಮೇಲೆ ನಾನು. ನಿನ್ನೆಯ ಐದು ಹೂವು ಮುದುಡಿಹೋಗಿದ್ದವು. ಹೊಸದಾಗಿ ಆರು ಅರಳಿದ್ದವು, ಅಚ್ಚ ಬಿಳಿ. ಗೋಡೆಯ ಆಚೆ ಸಾಬರ ಚರಕಿ ಗರ್ರ್, ಗರ್ರ್ ಅನ್ನುತ್ತಿತ್ತು. ಅದು ನಿಂತರೆ ಮಾವನವರು ಎದ್ದು ನಿಲ್ಲುವರು, ಶುರುವಾದರೆ ಕೂರುವರು. ಒಂದು ಮಧ್ಯಾಹ್ನದೊಳಗೆ ಅಷ್ಟು ಬಸ್ಕಿ ಹೊಡೆದ ಪಿಂಚಣಿದಾರರನ್ನು ನಾನು ಕಂಡಿಲ್ಲ.

ಸೂರ್ಯ ನೆತ್ತಿಗೆ ಬಂದ.

"ಅಳೀಮಯ್ಯ, ಹೂವ ಬೆಳ್ಳಗೈತೋ?"

"ಬೆಳ್ಳಗೇ ಇದೆ ಮಾವ. ಒಂಚೂರು..."

"ಒಂಚೂರು ಏನು?"

"ನಾಚಿಕೊಂಡ ಹಾಗಿದೆ."

ಮಾವನವರು ಹೂವನ್ನು ನೋಡಿದರು, ತಮ್ಮ ಪಂಚೆ ನೋಡಿಕೊಂಡರು, ಮತ್ತೆ ಹೂವನ್ನು ನೋಡಿದರು. ಆಮೇಲೆ ನಿಧಾನವಾಗಿ ನನ್ನನ್ನು ನೋಡಿದರು.

"ನೀವು ಒಸಿ ಅತ್ತಗೆ, ಆ ಬಾವಿ ಕಟ್ಟೆ ಮೇಲೆ ಕೂತ್ಕಳಿ."

ಮೂರು ವರ್ಷದ ಅಳಿಯತನ ಆ ಒಂದು ಮಾತಿನಲ್ಲಿ ಬಾವಿಕಟ್ಟೆ ಸೇರಿತು! ಅಲ್ಲಿಂದಲೇ ನೋಡುತ್ತಿದ್ದೆ. ಅತ್ತೆ ಮುದ್ದೆ ತಂದು ಕೊಟ್ಟರು. ಮಾವನವರು ತಟ್ಟೆ ನೋಡದೆ, ಹೂವನ್ನೇ ನೋಡುತ್ತ, ಸಾರಿನ ಬದಲು ನೀರಿನ ಚೊಂಬಿಗೆ ಮುದ್ದೆ ಅದ್ದಿ ನುಂಗಿದರು. ಚರಕಿ ಗರ್ರೆನ್ನುತ್ತಲೇ ಇತ್ತು. ಗೋಡೆಯ ಮೇಲೆ ಒಂದು ಕಾಗೆ ಕೂಡ ಕೂರಲಿಲ್ಲ. ಆರು ಹೂವೂ ಅವರ ಕಣ್ಣೆದುರಿಗೇ ಗುಲಾಬಿ ಬಣ್ಣವಾದವು, ಹೊತ್ತು ಇಳಿಯುವಷ್ಟರಲ್ಲಿ ಕೆಂಪಾದವು. ಮಾವನವರು ಎದ್ದು, ಹೆಗಲ ಮೇಲಿನ ವಲ್ಲಿಯ ತುದಿ ಒದ್ದೆ ಮಾಡಿ, ಒಂದು ಹೂವನ್ನು ಮೆಲ್ಲಗೆ ಉಜ್ಜಿದರು. ವಲ್ಲಿ ಬೆಳ್ಳಗೇ ಉಳಿಯಿತು.

ಹಿತ್ತಿಲ ಬಾಗಿಲಲ್ಲಿ ನಿಂತಿದ್ದ ಅತ್ತೆ ಕೇಳಿದರು. "ಅದೇನು ಹೂವಿನ ಮೂತಿ ಒರಸ್ತಾ ಇದ್ದೀರಿ?"

"ಇದು ಬೆಳಿಗ್ಗೆ ಬೆಳ್ಳಗಿತ್ತು ಕಣೆ."

"ಇನ್ನೆಂಗಿರ್ತದೆ? ಬೆಟ್ಟದಾವರೆ ಬೆಳಿಗ್ಗೆ ಬೆಳ್ಳಗೆ ಅರಳಿ ಸಂಜೆಗೆ ಕೆಂಪಗಾಯ್ತದೆ. ಅಮಲ್ದಾರರ ಮನೆ ಹಿತ್ತಿಲಲ್ಲಿ ಎಷ್ಟು ಸಲ ನೋಡಿಲ್ಲ ನಾನು!"

"ಮತ್ಯಾಕ್ ಹೇಳ್ಲಿಲ್ಲ?"

"ನೀವು ಯಾರ್ನಾದ್ರೂ ಏನಾದ್ರೂ ಕೇಳಿದ್ದುಂಟಾ?"

ಮಾವನವರು ಸ್ಟೂಲಿನ ಮೇಲೆ ಕೂತರು. ಆಮೇಲೆ ನನ್ನನ್ನು ಹತ್ತಿರ ಕರೆದು, ಜೇಬಿನಿಂದ ಅರ್ಜಿ ತೆಗೆಸಿ, ನಾಲ್ಕು ಚೂರು ಮಾಡಿ ಗಿಡದ ಪಾತಿಗೆ ಹೂತರು. ಕುಡುಗೋಲು ತರಿಸಿ ಬೆಟ್ಟದಾವರೆಯ ಒಂದು ಕಡ್ಡಿ ಕಡಿದರು. ಬೆರಳು ದಪ್ಪದ್ದು, ಬಲಿತದ್ದು. ಗೋಡೆಯ ಮೇಲಿಂದ ಕೊಡಲಿಲ್ಲ. ಬೀದಿಗೆ ಇಳಿದು, ಸುತ್ತಿ, ಸಾಬರ ಮುಂಬಾಗಿಲಿಗೆ ಹೋದರು. ಹಿಂದೆ ನಾನು.

ಸಾಬರು ಚರಕಿ ನಿಲ್ಲಿಸಿ ಕಡ್ಡಿಯನ್ನು ತಿರುಗಿಸಿ ನೋಡಿದರು. "ಏನ್ ಜಮಾದಾರ್ರೆ, ಇವತ್ತು ಎಳೆ ಕುಡಿ ಅಲ್ಲ!"

ಅಂದರೆ ಅವರಿಗೂ ಗೊತ್ತಿತ್ತು! ಬಹುಶಃ ಇಡೀ ಚನ್ನಪಟ್ಟಣಕ್ಕೇ ಗೊತ್ತಿತ್ತು.

"ಅಲ್ಲ, ಬಲಿತದ್ದೇ" ಅಂದರು ಮಾವ. ಆಮೇಲೆ ನೆಲ ನೋಡುತ್ತ, "ನಿಮ್ಮ ಮೇಲೆ ಅರ್ಜಿ ಬರಸ್ಬುಟ್ಟಿದ್ದೆ ಸಾಬ್ರೆ."

"ಯಾತಕ್ಕೆ?"

"ಹೂವಿಗೆ ಬಣ್ಣ ಬಳ್ದಿದ್ದೀರಿ ಅಂತ."

ಸಾಬರು ನಕ್ಕರು. ಕಣ್ಣಲ್ಲಿ ನೀರು ಬರುವತನಕ ನಕ್ಕರು. ನಗು ನಿಂತ ಮೇಲೆ ಕಡ್ಡಿಯನ್ನು ಪಕ್ಕಕ್ಕಿಟ್ಟರು. ನನಗೆ ಭಯವಾಯಿತು.

"ನಿನ್ನೆ ಕೂಗ್ದಾಗ ಮಾತಾಡ್ಲಿಲ್ಲವಲ್ಲ, ಅದಕ್ಕೇನಾ?"

"ಊಂ."

"ರಾತ್ರಿ ಊಟ ಸೇರ್ಲಿಲ್ಲ ಜಮಾದಾರ್ರೆ. ನಾನೇನು ತಪ್ಪು ಮಾಡಿದೆ ಅಂತ ಯೋಚಿಸಿ ಯೋಚಿಸಿ..." ಅಂದವರು ತಮ್ಮ ಕೆಂಪು ಬೆರಳುಗಳನ್ನು ನೋಡಿಕೊಂಡರು. "ನಮ್ಮ ಕೈ ಮರದ ಮೇಲೆ ಓಡೋ ಕೈ. ಹೂವ ಮುಟ್ಟಿದ್ರೆ ಹರಿದೋಗ್ತದೆ. ಅದಕ್ಕೂ ಬಣ್ಣ ಕೂಡ್ಸೋವಷ್ಟು ಕಸುಬು ಈ ಕೈಗೆ ಐತೆ ಅಂತ ತಿಳ್ಕೊಂಡ್ರಲ್ಲ. ಇಷ್ಟು ದೊಡ್ಡ ಮಾತು ನನಗೆ ಯಾರೂ ಆಡಿರ್ಲಿಲ್ಲ. ನಾಳೆ ಅಮಲ್ದಾರರ ಮುಂದೆ ಇದನ್ನೇ ಹೇಳ್ಬುಡಿ!"

ಮಾವನವರು ಹೇಳಿದರು. ಮಾರನೆಯ ದಿನ ರುಮಾಲು ಸುತ್ತಿ, ಅಮಲ್ದಾರರ ಮೇಜಿನ ಮುಂದೆ ಸೆಟೆದು ನಿಂತು, "ಸ್ವಾಮಿ, ಈ ಮನುಷ್ಯ ಗಿಡದ ಮೇಲಿರೋ ಹೂವಿಗೂ ಬಣ್ಣ ಹಾಕಬಲ್ಲ ಅಂತ ನಾನು ಒಂದಿನ ಪೂರ್ತಿ ನಂಬಿದ್ದೆ. ನಾನು ಯಾರನ್ನೂ, ಯಾತನ್ನೂ ಸುಲಭಕ್ಕೆ ನಂಬೋನಲ್ಲ" ಅಂದರು. ಅಮಲ್ದಾರರಿಗೆ ಎಷ್ಟು ಅರ್ಥವಾಯಿತೋ, ಸಾರೋಟಿನ ಕುದುರೆಗಳು ತಲೆ ಆಡಿಸಿದ್ದನ್ನು ನೋಡಿ ಕಾಗದಕ್ಕೆ ರುಜು ಹಾಕಿದರು.

ಆ ವರ್ಷವೇ ಚಳಿಗಾಲದಲ್ಲಿ ಚನ್ನಪಟ್ಟಣದಲ್ಲಿ ಇಲಿ ಬಿದ್ದವು. ಪ್ಲೇಗು ಅಂತ ಊರೆಲ್ಲ ಖಾಲಿಯಾಯಿತು. ಸಾಬರ ಮನೆಯವರು ಊರಾಚೆ ತೋಪಿನಲ್ಲಿ ಗುಡಿಸಲು ಹಾಕಿಕೊಂಡರು. ಅತ್ತೆ ಮಾವ ನಮ್ಮ ಮನೆಗೆ ಹೊರಟರು. ಗಾಡಿ ಹತ್ತುವಾಗ ಮಾವನವರು ಮನೆಯ ಬೀಗದ ಕೈ ತೆಗೆದು ಸಾಬರ ಕೈಯಲ್ಲಿಟ್ಟರು. ಎರಡು ತಿಂಗಳ ಮೇಲೆ ವಾಪಸು ಬಂದಾಗ ಸಾಬರು ಕೊಡಲು ಬಂದರೆ, "ಇರ್ಲಿ ಬುಡಿ, ನಿಮ್ಮತಾವೇ ಇರ್ಲಿ, ನನ್ನತಾವ ಇನ್ನೊಂದೈತೆ" ಅಂದರು. ಇನ್ನೊಂದು ಇರಲಿಲ್ಲ ಅಂತ ಅತ್ತೆ ನನಗೆ ಆಮೇಲೆ ಹೇಳಿದರು. ಒಂದನ್ನು ಹೊಸದಾಗಿ ಮಾಡಿಸಿಕೊಂಡರಂತೆ.

ಮಾವನವರು ತೀರಿಕೊಂಡದ್ದು ನಮ್ಮ ಮನೆಯಲ್ಲಿ, ಅದಾಗಿ ಒಂಬತ್ತು ವರ್ಷಕ್ಕೆ, ನಾಲ್ಕು ದಿನದ ಜ್ವರದಲ್ಲಿ. ಬೆಳಿಗ್ಗೆಯೇ ಚನ್ನಪಟ್ಟಣಕ್ಕೆ ಆಳು ಓಡಿಸಿ, ಹಿಂದೆಯೇ ಎತ್ತಿನ ಗಾಡಿಯಲ್ಲಿ ಮಾವನವರನ್ನು ಮಲಗಿಸಿಕೊಂಡು ಹೊರಟೆವು. ನಾವು ತಲುಪುವ ಹೊತ್ತಿಗೆ ಮಾವನವರ ಮನೆಯ ಬೀಗ ತೆಗೆದು ಬಾಗಿಲು ತೆರೆದಿತ್ತು. ಅಂಗಳ ಗುಡಿಸಿ ನೀರು ಹಾಕಿತ್ತು. ಬುಡನ್ ಸಾಬರು ತಲೆಗೆ ಬಟ್ಟೆ ಸುತ್ತಿಕೊಂಡು ಹೊಸ್ತಿಲ ಪಕ್ಕದಲ್ಲಿ ನಿಂತಿದ್ದರು. ಗಾಡಿಯಿಂದ ಇಳಿಸುವಾಗ ತಲೆಯ ಕಡೆ ಅವರು ಹಿಡಿದುಕೊಂಡರು.